ಭೀಮನ ಕಾಲುನೋವು

ಧರ್ಮಪುರಿಯ ಅಂಚಿನಲ್ಲಿರುವ ನಮ್ಮ ಮನೆಗೆ ಭೀಮನು ಬಂದಾಗ ಅವನ ವಯಸ್ಸು ಎರಡು ತಿಂಗಳು. ಜರ್ಮನ್ ಷೆಫರ್ಡ್ ಜಾತಿಯ ಮರಿ. ಸೇಲಂನಲ್ಲಿರುವ ನಮ್ಮ ತಂಗಿಯ ಮನೆಯಿಂದ ಮೊಮ್ಮಗನ ಮಡಿಲಲ್ಲಿ ಮಲಗಿಸಿ, ತೊಪ್ಪೂರು ಘಟ್ಟ ಹತ್ತಿಸಿ ಕರೆತಂದೆವು. ಮನೆಯಲ್ಲಿ ಆಡುವುದು ಕನ್ನಡ, ಬೀದಿಯಲ್ಲಿ ತಮಿಳು. ಭೀಮನು ಒಂದೇ ತಿಂಗಳಲ್ಲಿ ಎರಡನ್ನೂ ಕಲಿತು, ‘ಬಾರೋ’ ಎಂದರೂ ‘ವಾಡಾ’ ಎಂದರೂ ಓಡಿಬರತೊಡಗಿದನು. ಗಡಿನಾಡಿನ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ.

ಹೆಸರಿಗೆ ತಕ್ಕಂತೆ ಬೆಳೆಯಲಿ ಎಂಬ ಆಸೆ ನಮ್ಮದು. ದೊಡ್ಡ ಜಾತಿಯ ಮರಿಗೆ ದೊಡ್ಡ ಮೂಳೆ ಬೇಕು, ಮೂಳೆಗೆ ಕ್ಯಾಲ್ಸಿಯಂ ಬೇಕು ಎಂದು ನಾವೇ ತರ್ಕಿಸಿದೆವು. ಅಂಗಡಿಯ ಸಿದ್ಧ ಆಹಾರವನ್ನು ಬಟ್ಟಲು ತುಂಬ ಇಟ್ಟೆವು. ಅದರ ಮೇಲೆ ಹಾಲು, ಮೊಟ್ಟೆ, ದಿನಕ್ಕೆರಡು ಬಾರಿ ಕ್ಯಾಲ್ಸಿಯಂ ದ್ರವ. ಬಂದವರೆಲ್ಲ ‘ಕರುವಿನಂತಿದ್ದಾನೆ’ ಎಂದಾಗ ನಮಗೆ ಹಿಗ್ಗು.

ಏಳನೆಯ ತಿಂಗಳಿನ ಒಂದು ಬೆಳಗ್ಗೆ ಭೀಮನು ಎದ್ದವನೇ ಎಡ ಮುಂಗಾಲನ್ನು ಊರದೆ ನಿಂತನು. ಮುಳ್ಳು ಚುಚ್ಚಿರಬಹುದೆಂದು ನೋಡಿದೆವು. ಪಾದದಲ್ಲಿ ಏನೂ ಇರಲಿಲ್ಲ. ಮರುದಿನಕ್ಕೆ ಊಟ ಬಿಟ್ಟು ಮೂಲೆ ಹಿಡಿದನು. ನೆರೆಯವರೊಬ್ಬರು ಬರೆ ಹಾಕಿಸಿರಿ ಎಂದರು. ಇನ್ನೊಬ್ಬರು, ಮನುಷ್ಯರ ನೋವಿನ ಗುಳಿಗೆಯಲ್ಲಿ ಅರ್ಧ ಕೊಡಿರಿ, ಸಾಕು ಎಂದರು.

ಆ ಮಾತು ಕೇಳಿ ನಮ್ಮ ಶ್ರೀಮತಿಯವರು ನಮ್ಮ ಮುಖ ನೋಡಿದರು. ನಾವು ತಲೆ ತಗ್ಗಿಸಿದೆವು. ಹಿತ್ತಲಿನ ಹುಣಿಸೆಮರದ ಬುಡದಲ್ಲಿ ಇನ್ನೊಂದು ನಾಯಿ ಮಲಗಿದೆ. ಹತ್ತು ವರ್ಷಗಳ ಹಿಂದೆ ಅದು ಕುಂಟಿದಾಗ, ಮನೆಯ ಔಷಧದ ಡಬ್ಬಿಯಿಂದ ನೋವಿನ ಗುಳಿಗೆ ತೆಗೆದು ಬೆಲ್ಲದಲ್ಲಿಟ್ಟು ತಿನ್ನಿಸಿದವರು ನಾವೇ. ಒಂದಲ್ಲ, ಮೂರು ದಿನ. ನಾಲ್ಕನೆಯ ದಿನ ಅದು ರಕ್ತ ಕಾರಿಕೊಂಡಿತು. ವೈದ್ಯರನ್ನು ಕರೆತರುವ ಮುನ್ನವೇ ಹೋಯಿತು. ಮನುಷ್ಯನಿಗೆ ಹಿತವಾದ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮುಂತಾದವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವೆಂದು ಆಗ ನಮಗೆ ತಿಳಿದಿರಲಿಲ್ಲ.

ಆದುದರಿಂದ ಈ ಬಾರಿ ಡಬ್ಬಿಯನ್ನು ಮುಟ್ಟದೆ, ಭೀಮನನ್ನು ಸೇಲಂನ ಒಬ್ಬ ಪಶುವೈದ್ಯೆಯ ಬಳಿಗೆ ಒಯ್ದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೊದಲು ಜ್ವರ ನೋಡಿದರು. ಉಣ್ಣೆಹುಳದಿಂದ ಬರುವ ಜ್ವರವೂ ನಾಯಿಯನ್ನು ಕುಂಟಿಸುವುದುಂಟೆಂದು ರಕ್ತ ತೆಗೆದರು. ಕೀಲುಗಳನ್ನು ಒಂದೊಂದಾಗಿ ಮಡಿಸಿದರು, ಭೀಮನು ಸುಮ್ಮನಿದ್ದನು. ಆಮೇಲೆ ಮೂಳೆಯ ನಡುಭಾಗವನ್ನು ಬೆರಳಿನಿಂದ ಅದುಮಿದಾಗ ಕಿರುಚಿದನು. ಎಕ್ಸ್-ರೇ ಚಿತ್ರದಲ್ಲಿ ಮೂಳೆಯ ಒಳಗೆ ಮೋಡ ಕವಿದಂತಹ ಬಿಳಿಯ ಛಾಯೆ ತೋರಿಸಿದರು.

“ಅಯ್ಯಾ, ಹೆದರಬೇಡಿ. ಇದು ಬೆಳೆಯುವ ವಯಸ್ಸಿನ ನೋವು,” ಎಂದು ತಮಿಳಿನಲ್ಲಿ ಹೇಳಿದರು. ಇದರ ಶಾಸ್ತ್ರೀಯ ಹೆಸರು ಪ್ಯಾನಾಸ್ಟಿಯೈಟಿಸ್. ಐದು ತಿಂಗಳಿನಿಂದ ಒಂದೂವರೆ ವರ್ಷದವರೆಗಿನ ದೊಡ್ಡ ಜಾತಿಯ ಮರಿಗಳಲ್ಲಿ, ಅದರಲ್ಲಿಯೂ ಜರ್ಮನ್ ಷೆಫರ್ಡ್ ಗಂಡುಗಳಲ್ಲಿ, ಹೆಚ್ಚು. ಏಕೆ ಬರುತ್ತದೆಂಬುದು ವೈದ್ಯಶಾಸ್ತ್ರಕ್ಕೂ ಪೂರ್ಣವಾಗಿ ತಿಳಿದಿಲ್ಲ. ಒಂದು ಕಾಲಿನಲ್ಲಿ ಕೆಲವು ವಾರವಿದ್ದು ಇನ್ನೊಂದಕ್ಕೆ ಹೋಗುವುದೂ ಉಂಟು. ಕೊನೆಗೆ ತಾನಾಗಿಯೇ ಮಾಯವಾಗುತ್ತದೆ.

ಅನಂತರ ಏನು ಉಣ್ಣಿಸುತ್ತೀರಿ ಎಂದು ಕೇಳಿದರು. ನಾವು ಹೆಮ್ಮೆಯಿಂದಲೇ ಹೇಳಿದೆವು. ಅವರು ಕ್ಯಾಲ್ಸಿಯಂ ಬಾಟಲಿಯನ್ನು ಅಂದೇ ನಿಲ್ಲಿಸಿದರು. ಆರು ತಿಂಗಳೊಳಗಿನ ಮರಿಗೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನು ತಡೆಯುವ ಶಕ್ತಿ ಕಡಮೆ. ಕೊಟ್ಟಷ್ಟೂ ಹೀರಿಕೊಳ್ಳುತ್ತದೆ, ಮೂಳೆ ಬೆಳೆಯುವ ಕ್ರಮವೇ ಕೆಡುತ್ತದೆ. ೧೯೭೪ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಬೇಕಾದಷ್ಟು ತಿನ್ನಲು ಬಿಟ್ಟು ನೋಡಿದಾಗ, ಮಿತವಾಗಿ ಉಂಡ ಮರಿಗಳಿಗಿಂತ ಅವುಗಳ ಮೂಳೆಗಳಲ್ಲಿ ಹೆಚ್ಚು ದೋಷ ಕಂಡಿತು. ೧೯೮೫ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಹೆಚ್ಚಿನ ಕ್ಯಾಲ್ಸಿಯಮ್ಮಿನಿಂದಾಗುವ ಕೇಡನ್ನು ಅದೇ ಜಾತಿಯಲ್ಲಿ ತೋರಿಸಿದರು. ಭೀಮನ ನೋವಿಗೆ ನಮ್ಮ ಬಾಟಲಿಯೇ ಕಾರಣವೆಂದು ಡಾಕ್ಟರಮ್ಮ ಹೇಳಲಿಲ್ಲ. ಆದರೆ ಅದು ಉಪಕಾರವನ್ನಂತೂ ಮಾಡಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಸಲ್ಲುತ್ತದೆ. ಬರಿಯ ಅನ್ನ, ಇಲ್ಲವೆ ಬರಿಯ ಮಾಂಸ ತಿಂದು ಬೆಳೆವ ಮರಿಗೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುವುದೂ ನಿಜ. ನಮ್ಮ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಮುದ್ದೆಯೊಂದರಿಂದಲೇ ಮರಿ ಬೆಳೆಯಲಾರದು. ಮನೆಯೂಟ ಹಾಕುವವರು ಎಷ್ಟು ಬೇಕೆಂದು ವೈದ್ಯರನ್ನು ಕೇಳಿ ಹಾಕಬೇಕು. ದೊಡ್ಡ ಜಾತಿಯ ಮರಿಗೆಂದೇ ಮಾಡಿದ ಸಿದ್ಧ ಆಹಾರ ಕೊಡುವವರು ಅದರ ಮೇಲೆ ಏನನ್ನೂ ಸೇರಿಸಬಾರದು.

ಅಂದಿನಿಂದ ಆಹಾರ ಅಳತೆಗೆ ಬಂದಿತು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಕೈಗೆ ಮಾತ್ರ ಸಿಗಬೇಕು ಎಂಬುದು ಅವರು ಕೊಟ್ಟ ಸೂತ್ರ. ನುಣುಪಾದ ನೆಲದಲ್ಲಿ ಕಾಲು ಜಾರದಂತೆ ಗೋಣಿತಾಟು ಹಾಸಿದೆವು. ಮೆಟ್ಟಿಲು ನೆಗೆಯುವುದು, ಮೊಮ್ಮಗನ ಸೈಕಲ್ಲಿನ ಹಿಂದೆ ಓಡುವುದು ನಿಂತವು. ಹಗ್ಗ ಹಿಡಿದು ನಿಧಾನವಾದ ಚಿಕ್ಕ ನಡಿಗೆ ಮಾತ್ರ. ನಾಯಿಗೆಂದೇ ಇರುವ ನೋವಿನ ಔಷಧವನ್ನು ಡಾಕ್ಟರಮ್ಮ ಬರೆದಷ್ಟೇ ದಿನ, ಊಟದ ಮೇಲೆ ಕೊಟ್ಟೆವು.

ಮೂರು ವಾರಕ್ಕೆ ಮುಂಗಾಲು ನೆಟ್ಟಗಾಯಿತು. ಬಲ ಹಿಂಗಾಲು ಕುಂಟತೊಡಗಿತು. ಮೊಮ್ಮಗನು, “ತಾತ, ಇವನೂ ಹುಣಿಸೆಮರದ ಕೆಳಗೆ ಹೋಗುತ್ತಾನಾ?” ಎಂದು ಅತ್ತನು. ಅವನಿಗೆ ಆ ಕಥೆ ಯಾರು ಹೇಳಿದ್ದರೋ! ಮುಂಚೆಯೇ ತಿಳಿದಿದ್ದುದರಿಂದ ಧೈರ್ಯ ಹೇಳಲು ನಮಗೆ ಸಾಧ್ಯವಾಯಿತು. ಆದರೂ ಒಂದೇ ಕಾಲು ಎರಡು ವಾರ ಬಿಡದೆ ನೋಯುತ್ತಿದ್ದರೆ, ಕೀಲಿನ ಬಳಿ ಊತವಿದ್ದರೆ, ಜ್ವರ ಬಂದರೆ, ಅದು ಬೇರೆ ರೋಗವಿರಬಹುದು; ಬೆಳೆಯುವ ನೋವೆಂದು ಸುಮ್ಮನಿರಬಾರದು. ೧೯೯೭ರವರೆಗೆ ಸೇಲಂ ಜಿಲ್ಲೆಗೇ ಸೇರಿದ್ದ ನಾಮಕ್ಕಲ್ಲಿನಲ್ಲಿ ೧೯೮೫ರಿಂದ ಪಶುವೈದ್ಯ ಕಾಲೇಜಿದೆ. ನಮ್ಮ ಕಡೆಯವರಿಗೆ ಅದು ದೂರವಲ್ಲ.

ಹದಿನಾಲ್ಕನೆಯ ತಿಂಗಳಿಗೆ ನೋವು ಪೂರ್ತಿ ಬಿಟ್ಟಿತು. ಈಗ ಭೀಮನು ಗೇಟಿನ ಬಳಿ ನಾಲ್ಕು ಕಾಲೂರಿ ನಿಂತು ಅಂಚೆಯವರನ್ನು ಎರಡೂ ಭಾಷೆಯವರ ಪರವಾಗಿ ಬೊಗಳುತ್ತಾನೆ.

ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗೆ ಮಣಲೇರನು ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದನು. ನಮ್ಮ ಹುಣಿಸೆಮರದ ಬುಡದಲ್ಲಿ ಕಲ್ಲಿಲ್ಲ. ಅದು ಯುದ್ಧದಲ್ಲಿ ಮಡಿದುದಲ್ಲ, ನಮ್ಮ ಅಜ್ಞಾನದಿಂದ ಮಡಿದುದು. ಆ ಕಲ್ಲಿನ ಬದಲು ಈ ನಾಲ್ಕು ಮಾತುಗಳನ್ನು ಬರೆದಿದ್ದೇವೆ. ವಾಚಕರ ಮನೆಯ ಮರಿ ನಾಳೆ ಕುಂಟಿದರೆ, ಔಷಧದ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಇವು ನೆನಪಾದರೆ ಸಾಕು.