ಮನೆಮಂದಿ ನೋಡಿದ ಚಿತ್ರಗಳ ಪಟ್ಟಿ

ನಮ್ಮ ಸೀಮೆಯ ಹಳೇ ಮನೆಗಳ ಗೋಡೆಯಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ ಪಟದ ಪಕ್ಕದಲ್ಲೇ ರಾಜ್‌ಕುಮಾರ್ ಅವರ ಪಟವೂ ಇರುತ್ತದೆ. ಅಜ್ಜೀಪುರ, ಹನೂರು, ರಾಮಾಪುರದವರಿಗೆ ಅವರು ಬೆಂಗಳೂರಿನ ನಟರಲ್ಲ, ಪಕ್ಕದೂರಿನವರು. ಅವರ ಮನೆತನದ ಊರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದವರು. 1929ರಲ್ಲಿ ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇವತ್ತು ತಮಿಳುನಾಡಿಗೆ ಸೇರಿದೆ. ಆದರೆ ಆಗ ಕೊಳ್ಳೇಗಾಲವೂ ಗಾಜನೂರೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರಲ್ಲಿ ರಾಜ್ಯಗಳ ಗಡಿ ನಡುವೆ ಬಿತ್ತು, ನೆಂಟಸ್ತಿಕೆ ಬಿಟ್ಟುಹೋಗಲಿಲ್ಲ. ಇಂಥ ಊರಿನಲ್ಲಿ ಕೂತು ಆ ಮನೆಯವರು ತೆಗೆದ ಚಿತ್ರಗಳನ್ನು ಕೂಡಿಸಿ ಪಟ್ಟಿ ಮಾಡುವುದು ನನಗೆ ಹವ್ಯಾಸಕ್ಕಿಂತ ಹೆಚ್ಚಿನ ಕೆಲಸ.

ಆ ಚಿತ್ರಗಳು ಎಂಥವು ಎಂದು ಹೇಳಲು ಡಿಸ್ನಿಯನ್ನು ನೆನೆಯಬೇಕು. ಅಮೆರಿಕದಲ್ಲಿ ಡಿಸ್ನಿ ಎಂದರೆ ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ. ಕಾರ್ಟೂನಿಗೆ ಹೆಸರಾದ ಆ ಕಂಪನಿ 1950ರ ‘ಟ್ರೆಷರ್ ಐಲ್ಯಾಂಡ್’ನಿಂದ ಪೂರ್ತಿ ಮನುಷ್ಯರೇ ನಟಿಸಿದ ಚಿತ್ರಗಳನ್ನೂ ತೆಗೆಯತೊಡಗಿತು. 1970ರಲ್ಲಿ ತನ್ನ ಕಾಗದಪತ್ರ, ಚಿತ್ರ, ಸಾಮಾನುಗಳನ್ನೆಲ್ಲ ಕಾಯ್ದಿಡಲು ಡೇವ್ ಸ್ಮಿತ್ ಎಂಬುವರನ್ನು ಸಂಬಳ ಕೊಟ್ಟು ನೇಮಿಸಿತು. ನಮ್ಮಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಇತ್ತು, ಬೆಂಗಳೂರಿನಲ್ಲಿ ಚಾಮುಂಡೇಶ್ವರಿ ಸ್ಟುಡಿಯೋ ಇತ್ತು. ಆದರೆ ಸ್ಟುಡಿಯೋದ ಹೆಸರು ನೋಡಿ ಜನ ಪಿಕ್ಚರ್‌ಗೆ ಹೋಗುತ್ತಿರಲಿಲ್ಲ. ಡಿಸ್ನಿಯಂಥ ಹೆಸರು ಇಲ್ಲಿ ಸಂಪಾದಿಸಿದ್ದು ಒಂದು ಮನೆ, ರಾಜ್‌ಕುಮಾರ್ ಅವರದು. ಅವರ ಹೆಂಡತಿ ಪಾರ್ವತಮ್ಮ ರಾಜ್‌ಕುಮಾರ್ ಅವರು 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕೆ ಇಳಿದು, 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ 80ರ ಆಸುಪಾಸು ಚಿತ್ರ ಮಾಡಿದ್ದರು. ಅವರ ಸಂಸ್ಥೆ ವಜ್ರೇಶ್ವರಿಯ ಹೆಸರು ಪರದೆಯ ಮೇಲೆ ಬಂತೆಂದರೆ ಹೆಂಗಸರು ಮಕ್ಕಳನ್ನು ಕರೆದುಕೊಂಡು ಧೈರ್ಯವಾಗಿ ಹೋಗಿ ಕೂರಬಹುದು ಎಂದು ಲೆಕ್ಕ. ನಮ್ಮ ಕಡೆ ಟೆಂಟಿನಲ್ಲಿ ನೆಲದ ಟಿಕೆಟ್ಟಿಗೆ ಚಾಪೆ ಸಮೇತ ಬರುತ್ತಿದ್ದವರು ಅವರೇ.

ಈ ಚಿತ್ರಗಳನ್ನು ಯಾರೂ ಕಳೆದುಕೊಂಡಿಲ್ಲ ಎಂದೇ ಎಲ್ಲರೂ ನಂಬಿದ್ದಾರೆ. ಟಿ.ವಿ.ಯಲ್ಲಿ ಬರುತ್ತವೆ, ಯೂಟ್ಯೂಬಿನಲ್ಲಿ ಸಿಗುತ್ತವೆ, ಇನ್ನೇನು ಬೇಕು? ಬೇಕಾದ್ದು ಇದೆ. ಟಿ.ವಿ.ಯಲ್ಲಿ ಬರುವ ಪ್ರತಿಯಲ್ಲಿ ಎಷ್ಟೋ ಸಲ ಟೈಟಲ್ ಕಾರ್ಡನ್ನೇ ಕತ್ತರಿಸಿರುತ್ತಾರೆ. ಹೊತ್ತು ಉಳಿಸಲು ಒಂದು ಹಾಡು ತೆಗೆದಿರುತ್ತಾರೆ. ಮೊಬೈಲಿನಲ್ಲಿ ಸಿಗುವ ಪ್ರತಿಯಲ್ಲಿ ಚೌಕದ ಚಿತ್ರವನ್ನು ಅಗಲ ಪರದೆಗೆ ಹಿಗ್ಗಿಸಿ ಮುಖಗಳನ್ನು ದಪ್ಪ ಮಾಡಿರುತ್ತಾರೆ. ಚಿತ್ರ ಉಳಿದಿದೆ ಎನ್ನಬೇಕಾದರೆ ಅದು ಪೂರ್ತಿ ಎಷ್ಟು ಉದ್ದವಿತ್ತು, ಯಾರು ಯಾರು ಕೆಲಸ ಮಾಡಿದ್ದರು, ಯಾವ ವರ್ಷದ್ದು ಎಂಬುದು ಎಲ್ಲಾದರೂ ಬರೆದಿಟ್ಟಿರಬೇಕು. ಅಷ್ಟಿಲ್ಲದೆ ಉಳಿದಿರುವುದು ಅದರ ತುಂಡು.

ಹಾಗಾಗಿ ನನ್ನ ಪಟ್ಟಿ ಶುರುವಾಗುವುದು ಸೆನ್ಸಾರ್ ಸರ್ಟಿಫಿಕೇಟಿನಿಂದ. ಚಿತ್ರ ಶುರುವಾಗುವ ಮೊದಲು ಕೆಲವು ಸೆಕೆಂಡು ನಿಂತು ಹೋಗುವ ಆ ಕಾಗದವನ್ನು ಯಾರೂ ನೋಡುವುದಿಲ್ಲ. ಟೆಂಟಿನಲ್ಲಿ ಅದು ಬಂದಾಗ ಜನ ಇನ್ನೂ ಜಾಗ ಹಿಡಿಯುತ್ತಿದ್ದರು. ಆದರೆ ಚಿತ್ರದ ಹೆಸರು, ಭಾಷೆ, ಎಷ್ಟು ರೀಲು, ಎಷ್ಟು ಮೀಟರ್ ಉದ್ದ, ಯಾವ ದಿನ ಒಪ್ಪಿಗೆ ಸಿಕ್ಕಿತು, ಅರ್ಜಿ ಹಾಕಿದವರು ಯಾರು ಎಲ್ಲ ಅದರಲ್ಲಿರುತ್ತದೆ. 35 ಎಂ.ಎಂ. ಫಿಲ್ಮಿನಲ್ಲಿ ಸಾವಿರ ಅಡಿಗೆ ಸುಮಾರು 11 ನಿಮಿಷ. ಸರ್ಟಿಫಿಕೇಟಿನ ಉದ್ದವನ್ನು ನಿಮಿಷಕ್ಕೆ ತಿರುಗಿಸಿ, ಕೈಯಲ್ಲಿರುವ ಸೀಡಿಯ ಹೊತ್ತಿನ ಜೊತೆ ಹೋಲಿಸಿದರೆ ಎಷ್ಟು ಹೋಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಹಳೇ ವಿಡಿಯೋ ಸೀಡಿಯಲ್ಲಿ ಒಂದು ಡಿಸ್ಕಿಗೆ ಹಿಡಿಯುವುದು ಒಂದೂಕಾಲು ಗಂಟೆ ಚಿಲ್ಲರೆ. ಎರಡೂಮುಕ್ಕಾಲು ಗಂಟೆಯ ಚಿತ್ರವನ್ನು ಎರಡೇ ಡಿಸ್ಕಿಗೆ ತುಂಬಿದ್ದಾರೆಂದರೆ ಏನೋ ಹೋಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಹೋಗಿರುವುದು ಹಾಸ್ಯದ ದೃಶ್ಯ. ಹಾಗೆ ಹೋದವರು ಪೋಷಕ ನಟರು, ಅವರನ್ನು ಕೇಳುವವರಿಲ್ಲ.

ಸರ್ಟಿಫಿಕೇಟಾದ ಮೇಲೆ ಟೈಟಲ್ ಕಾರ್ಡು. ಒಂದೊಂದು ಕಾರ್ಡಿಗೂ ಚಿತ್ರ ನಿಲ್ಲಿಸಿ, ಅಕ್ಷರ ಮಸುಕಾಗಿದ್ದರೆ ಪರದೆಗೆ ಮುಖ ತಂದು, ಬರೆದುಕೊಳ್ಳಬೇಕು. ನಾಯಕ, ನಿರ್ದೇಶಕರ ಹೆಸರು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನಾನು ಬರೆದುಕೊಳ್ಳುವುದು ಸಹಾಯಕ ಸಂಕಲನಕಾರ, ಮೇಕಪ್ಪಿನವರು, ಸ್ಥಿರಚಿತ್ರ ತೆಗೆದವರು, ಪ್ರೊಡಕ್ಷನ್ ಮ್ಯಾನೇಜರ್, ಊಟದ ವ್ಯವಸ್ಥೆ ನೋಡಿಕೊಂಡವರು. ಒಂದೇ ಹೆಸರು ಹತ್ತು ವರ್ಷದಲ್ಲಿ ಸಹಾಯಕರ ಸಾಲಿನಿಂದ ಮೇಲಿನ ಸಾಲಿಗೆ ಏರುವುದನ್ನು ನೋಡುವಾಗ ಆಗುವ ಸಂತೋಷ ದೊಡ್ಡದು. ಬೇರೆಲ್ಲೂ ಬರೆಯದ ಒಬ್ಬರ ಜೀವನ ಅಲ್ಲಿ ಇರುತ್ತದೆ.

ಈ ಮನೆಯ ಚಿತ್ರಗಳಲ್ಲಿ ಹೆಸರುಗಳ ತೊಡಕು ಬೇರೆ. ಎಲ್ಲರೂ ವಜ್ರೇಶ್ವರಿ ಎನ್ನುತ್ತಾರೆ, ಟೈಟಲಿನಲ್ಲಿ ಪೂರ್ಣಿಮಾ ಎಂಟರ್‌ಪ್ರೈಸಸ್ ಎಂದು ಬರುತ್ತದೆ, ಇನ್ನೊಂದರಲ್ಲಿ ಮತ್ತೊಂದು ಹೆಸರು. ತೆಗೆದವರು ಯಾರು, ಹಂಚಿದವರು ಯಾರು ಎಂದು ಬೇರೆ ಬೇರೆ ಕಲಂ ಹಾಕದಿದ್ದರೆ ಪಟ್ಟಿ ಕೆಡುತ್ತದೆ. ಪಾರ್ವತಮ್ಮನವರ ತಮ್ಮಂದಿರೂ ನಿರ್ಮಾಪಕರು. ಮನೆಯೊಂದೇ, ಬ್ಯಾನರು ಹಲವು. ನಟರ ಹೆಸರೂ ಹಾಗೆಯೇ. ರಾಜ್‌ಕುಮಾರ್ ಅವರ ಮಗನನ್ನು ಪುನೀತ್ ರಾಜ್‌ಕುಮಾರ್ ಎಂದು ಹುಡುಕುವ ಈಗಿನ ಹುಡುಗನಿಗೆ ಎಂಬತ್ತರ ದಶಕದ ಮೊದಲ ಚಿತ್ರಗಳಲ್ಲಿ ಆ ಹೆಸರು ಸಿಗುವುದಿಲ್ಲ, ಅಲ್ಲಿರುವುದು ಮಾಸ್ಟರ್ ಲೋಹಿತ್. ತಂದೆ ಮುತ್ತುರಾಜನನ್ನು ರಾಜ್‌ಕುಮಾರ್ ಮಾಡಿದ್ದು 1954ರ ‘ಬೇಡರ ಕಣ್ಣಪ್ಪ’. ಮಗನ ಹೆಸರೂ ಸಿನಿಮಾದ ನಡುವೆಯೇ ಬದಲಾಯಿತು. ಎರಡು ಹೆಸರನ್ನೂ ಬರೆದು, ಒಂದರ ಮುಂದೆ ಇನ್ನೊಂದನ್ನು ನೋಡಿ ಎಂದು ಸೂಚಿಸಬೇಕು. ಚಿತ್ರದ ಹೆಸರಿನಲ್ಲೂ ಎಚ್ಚರ ಬೇಕು. ರಾಜ್‌ಕುಮಾರ್ ಹಿರಣ್ಯಕಶಿಪುವಾಗಿ, ಮಗ ಪ್ರಹ್ಲಾದನಾಗಿ ನಟಿಸಿದ ‘ಭಕ್ತ ಪ್ರಹ್ಲಾದ’ 1983ರದು. ಅದೇ ಹೆಸರಿನ ಕನ್ನಡ ಚಿತ್ರ 1958ರಲ್ಲೂ ಬಂದಿತ್ತು. ಅದರಲ್ಲಿ ಬಾಲನಟನಾಗಿ ಬಂದವರು ಲೋಕೇಶ್, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ನಟಿಸಿದ್ದ ಸುಬ್ಬಯ್ಯನಾಯ್ಡು ಅವರ ಮಗ. ಎರಡು ಪ್ರಹ್ಲಾದರೂ ನಟರ ಮನೆಯ ಮಕ್ಕಳೇ.

ವರ್ಷದ್ದೂ ಒಂದು ಪಾಡು. ರಾಷ್ಟ್ರ ಪ್ರಶಸ್ತಿಗೆ ಜನವರಿಯಿಂದ ಡಿಸೆಂಬರ್‌ವರೆಗೆ ಸೆನ್ಸಾರ್ ಆದ ಚಿತ್ರಗಳು ಲೆಕ್ಕಕ್ಕೆ ಬರುತ್ತವೆ. ರಾಜ್ಯ ಪ್ರಶಸ್ತಿಯನ್ನು ಆಗೆಲ್ಲ 1982–83 ಎಂದು ಎರಡು ವರ್ಷ ಸೇರಿಸಿ ಬರೆಯುತ್ತಿದ್ದರು. ‘ಚಲಿಸುವ ಮೋಡಗಳು’ ಚಿತ್ರಕ್ಕೆ ಲೋಹಿತನಿಗೆ ಬಾಲನಟ ಪ್ರಶಸ್ತಿ ಬಂದದ್ದು ಹಾಗೆ 1982–83ರದು, ದ್ವಿಪಾತ್ರದ ‘ಎರಡು ನಕ್ಷತ್ರಗಳು’ ಚಿತ್ರಕ್ಕೆ ಬಂದದ್ದು 1983–84ರದು. ಎರಡನ್ನೂ ನಿರ್ದೇಶಿಸಿದವರು ಸಿಂಗೀತಂ ಶ್ರೀನಿವಾಸರಾವ್. ಸೆನ್ಸಾರ್ ಒಂದು ವರ್ಷ, ಬಿಡುಗಡೆ ಇನ್ನೊಂದು ವರ್ಷ, ಪ್ರಶಸ್ತಿ ಮೂರನೆಯದರಲ್ಲಿ. ನಾನು ಮೂರನ್ನೂ ಬರೆಯುತ್ತೇನೆ. ಇನ್ನು ನಮ್ಮೂರ ಟೆಂಟಿಗೆ ಬಂದದ್ದು ಯಾವಾಗ ಎನ್ನುವುದು ಬೇರೆಯೇ ಲೆಕ್ಕ. ಬೆಂಗಳೂರಿನಲ್ಲಿ ನೂರು ದಿನ ಓಡಿ, ಮೈಸೂರು, ಕೊಳ್ಳೇಗಾಲ ಮುಗಿಸಿ, ಪ್ರಿಂಟು ಗೀರು ಬಿದ್ದ ಮೇಲೆಯೇ ನಮ್ಮ ಸರದಿ.

ಅದನ್ನು ಬಲ್ಲವರು ಊರಲ್ಲಿ ಇನ್ನೂ ಇದ್ದಾರೆ. ಟೆಂಟಿನಲ್ಲಿ ಮಿಷನ್ ಓಡಿಸುವವರ ಕೈಕೆಳಗೆ ದುಡಿದಿದ್ದ ಹಿರಿಯರೊಬ್ಬರನ್ನು ಕೂರಿಸಿಕೊಂಡು ಕೇಳುತ್ತಿರುತ್ತೇನೆ. ‘ಮಿಷನ್ ಒಂದೇ ಇದ್ದದ್ದು ಕನಪ್ಪ. ರೀಲು ಮುಗೀತು ಅಂದ್ರೆ ಲೈಟ್ ಹಾಕೋದು, ಇನ್ನೊಂದು ರೀಲು ಏರ್ಸೋದು. ಅಷ್ಟ್ರಲ್ಲಿ ಕಡ್ಲೆಕಾಯಿ ಯಾಪಾರ ಆಗೋದು’ ಎನ್ನುತ್ತಾರೆ. ಎರಡು ಕಾರ್ಬನ್ ಕಡ್ಡಿಗಳ ತುದಿ ಹತ್ತಿರ ತಂದು ಬೆಳಕು ಹುಟ್ಟಿಸುತ್ತಿದ್ದುದನ್ನು, ಆ ಕಡ್ಡಿ ಸವೆದಂತೆಲ್ಲ ತಿರುಪು ತಿರುಗಿಸಿ ಮುಂದೆ ತಳ್ಳಬೇಕಾಗಿದ್ದುದನ್ನು ಕೈಸನ್ನೆಯಲ್ಲೇ ತೋರಿಸುತ್ತಾರೆ. ಫಿಲ್ಮು ಕಿತ್ತರೆ ಎರಡು ತುದಿಯನ್ನೂ ಬ್ಲೇಡಿನಲ್ಲಿ ಕೆರೆದು, ಸಿಮೆಂಟು ಹಚ್ಚಿ, ಬೆರಳಲ್ಲಿ ಒತ್ತಿ ಹಿಡಿಯಬೇಕು. ಪ್ರತಿಸಲ ಹಾಗೆ ಮಾಡಿದಾಗಲೂ ಒಂದೆರಡು ಚೌಕ ಹೋಗುತ್ತದೆ. ಸೆಕೆಂಡಿಗೆ 24 ಚೌಕ. ಊರೂರು ತಿರುಗಿ ಬಂದ ಪ್ರಿಂಟಿನಲ್ಲಿ ಮಾತು ಅಲ್ಲಲ್ಲಿ ಎಗರುತ್ತಿದ್ದುದು ಅದಕ್ಕೇ. ಅವರು ಹೇಳಿದ್ದನ್ನು ಪಟ್ಟಿಯ ಜೊತೆಗೇ ಬರೆದಿಡುತ್ತಿದ್ದೇನೆ. ಒಂದು ಚಿತ್ರವನ್ನು ಊರು ಹೇಗೆ ನೋಡಿತು ಎಂಬುದೂ ಆ ಚಿತ್ರದ ದಾಖಲೆಯೇ.

ಈ ಎಲ್ಲದರ ನಡುವೆ ನಾನು ಮತ್ತೆ ಮತ್ತೆ ತಿರುಗಿ ಹೋಗುವುದು 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ. ಅಮೆರಿಕದ ಲೇಖಕಿ ಶೆರ್ಲಿ ಅರೋರಾ 1960ರಲ್ಲಿ ಪ್ರಕಟಿಸಿದ ‘ವಾಟ್ ದೆನ್, ರಾಮನ್?’ ಎಂಬ ಮಕ್ಕಳ ಕಾದಂಬರಿ ಅದಕ್ಕೆ ಮೂಲ. ಅದರಲ್ಲಿ ಬರುವುದೂ ದಕ್ಷಿಣ ಭಾರತದ ಬೆಟ್ಟದ ಹುಡುಗನೇ. 1964ರಲ್ಲಿ ‘ನಾಂದಿ’ ಮಾಡಿದ್ದ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಕರು, ರಾಜನ್–ನಾಗೇಂದ್ರ ಸಂಗೀತ, ನಿರ್ಮಾಪಕಿ ಪಾರ್ವತಮ್ಮನವರು. ಪುನೀತ್ ನಟಿಸಿದ ಬಡ ಮನೆಯ ರಾಮು ಶಾಲೆ ಬಿಟ್ಟು, ಕಾಡಿನಲ್ಲಿ ಅಪರೂಪದ ಹೂ ಹುಡುಕಿ ತಂದು ಮಾರಿ, ಕಾಸಿಗೆ ಕಾಸು ಕೂಡಿಸುತ್ತಾನೆ. ಅವನಿಗೆ ಬೇಕಾದ್ದು ಒಂದು ಪುಸ್ತಕ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಕೊನೆಗೆ ದುಡ್ಡು ಕೈಗೆ ಬಂದಾಗ ಮನೆಯವರಿಗೆ ಕಂಬಳಿ ತರುತ್ತಾನೆ.

ಸಿನಿಮಾದ ವ್ಯಾಪಾರ ಬಲ್ಲ ಯಾವ ನಿರ್ಮಾಪಕರಿಗೂ ಇದು ಲಾಭದ ಕಥೆಯಾಗಿ ಕಾಣಿಸಿರಲಾರದು. ಹೊಡೆದಾಟವಿಲ್ಲ, ನಾಯಕ ನಾಯಕಿಯ ಪ್ರೇಮವಿಲ್ಲ, ನಾಡಿನ ದೊಡ್ಡ ನಟ ಮನೆಯಲ್ಲೇ ಇದ್ದರೂ ಮುಖ್ಯ ಪಾತ್ರ ಹುಡುಗನದು. ‘ಶಂಕರ್ ಗುರು’ವಿನಂಥ ಚಿತ್ರ ಮಾಡಿ ಗೆದ್ದ ಮನೆ ಅದು. 1978ರ ಆ ಚಿತ್ರದ ಮೂರು ಪಾತ್ರಗಳನ್ನು ತಮಿಳಿನಲ್ಲಿ ಶಿವಾಜಿ ಗಣೇಶನ್, ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಮತ್ತೆ ಮಾಡಿದರು. ಅಂಥ ಮನೆ ಒಂದು ಪುಸ್ತಕ ಮತ್ತು ಒಂದು ಕಂಬಳಿಯ ಕಥೆಗೆ ಹಣ ಹಾಕಿತು. 1985ರ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿ ‘ಬೆಟ್ಟದ ಹೂವು’ ಚಿತ್ರಕ್ಕೆ ಬಂತು, ಹುಡುಗನಿಗೆ ಬಾಲನಟ ಪ್ರಶಸ್ತಿ ಬಂತು. ಕನ್ನಡದ ಮಕ್ಕಳ ಚಿತ್ರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ನೋಡಿಲ್ಲ. ಶಾಲೆ ಬಿಟ್ಟು ಕಾಡಿಗೆ ಹೋಗುವ ಹುಡುಗರು ನಮ್ಮ ಬೆಟ್ಟದ ಅಂಚಿನ ಊರುಗಳಿಗೆ ಹೊಸಬರಲ್ಲ. ಆ ಚಿತ್ರ ನೋಡಿ ನಮ್ಮ ಅಮ್ಮಂದಿರು ಅಳುತ್ತಿದ್ದುದು ಪರರ ಕಥೆಗೆ ಅಲ್ಲ.

ಚಿತ್ರವನ್ನು ಕಾಪಾಡುವುದು ಸುಲಭವಲ್ಲ ಎಂದು ಬಲ್ಲೆ. ಅಸಿಟೇಟ್ ಫಿಲ್ಮು ಸೆಕೆಗೆ ಹಾಳಾಗತೊಡಗಿದರೆ ಡಬ್ಬಿ ತೆಗೆದ ಕೂಡಲೇ ವಿನೆಗರಿನ ಹುಳಿ ವಾಸನೆ ಹೊಡೆಯುತ್ತದೆ, ಆಮೇಲೆ ಅದು ಸುರುಟಿಕೊಳ್ಳುತ್ತದೆ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ, ಹಸಿರು ಮಾಸಿ ಇಡೀ ಚಿತ್ರ ಕೆಂಪಗಾಗುತ್ತದೆ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. 1977ರ ‘ಘಟಶ್ರಾದ್ಧ’ಕ್ಕೆ ಒಳ್ಳೆಯ ದಿನ ಬಂತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಸೇರಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಅದು ಆಗಲೇಬೇಕಾಗಿದ್ದ ಕೆಲಸ. ಮನೆಮಂದಿ ನೋಡಿದ ಚಿತ್ರಗಳಿಗೂ ಆ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ವಾದ. ಜನಪ್ರಿಯವಾದದ್ದು ತಾನಾಗಿಯೇ ಉಳಿಯುತ್ತದೆ ಎನ್ನುವುದು ಸುಳ್ಳು. ಎಲ್ಲರಿಗೂ ಪರಿಚಯವಿದ್ದದ್ದನ್ನು ಯಾರೂ ಬರೆದಿಡುವುದಿಲ್ಲ, ಹಾಗಾಗಿ ಅದೇ ಮೊದಲು ಕಳೆದುಹೋಗುತ್ತದೆ.

ಬರೆದವರು ಇಲ್ಲವೆಂದಲ್ಲ. ದೊಡ್ಡಹುಲ್ಲೂರು ರುಕ್ಕೋಜಿ ಅವರ ‘ಡಾ. ರಾಜ್‌ಕುಮಾರ್ ಸಮಗ್ರ ಚರಿತ್ರೆ’ಗೆ 2015ರ ಸಾಲಿನ ಸಿನಿಮಾ ಪುಸ್ತಕದ ರಾಷ್ಟ್ರ ಪ್ರಶಸ್ತಿ ಬಂತು. ಒಬ್ಬ ಪತ್ರಕರ್ತ ಪಟ್ಟುಹಿಡಿದು ಕೂತರೆ ಏನಾಗಬಹುದು ಎನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಇಂಥ ಪುಸ್ತಕಕ್ಕೆ ಬೇಕಾದ ಕಚ್ಚಾ ಸಾಮಾನು ಗಾಂಧಿನಗರದಲ್ಲಿ ಮಾತ್ರ ಇಲ್ಲ, ನಮ್ಮ ನಿಮ್ಮ ಅಟ್ಟದ ಮೇಲಿದೆ. ಟೆಂಟಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ ನೋಡಿ: ಅಗ್ಗದ ಕಾಗದ, ಒಂದೇ ಬಣ್ಣದ ಮುಖಪುಟ, ತುಕ್ಕು ಹಿಡಿದ ಪಿನ್ನು. ಒಳಗೆ ನಟವರ್ಗ, ತಂತ್ರಜ್ಞರು, ಅರ್ಧಕ್ಕೇ ನಿಲ್ಲಿಸಿದ ಕಥಾಸಾರಾಂಶ. ಟಿ.ವಿ.ಯವರು ಕತ್ತರಿಸಿದ ಟೈಟಲ್ ಕಾರ್ಡಿನ ಹೆಸರುಗಳು ಎಷ್ಟೋ ಸಲ ನನಗೆ ಸಿಕ್ಕಿರುವುದು ಈ ಪುಸ್ತಕಗಳಲ್ಲೇ. ತೆಗೆದುಬಿಟ್ಟ ಹಾಡು ಯಾವುದು ಎಂದು ಹೇಳುವುದೂ ಇದೇ.

ಹನೂರು, ಕೊಳ್ಳೇಗಾಲ, ಯಳಂದೂರಿನ ಕಡೆಯವರಲ್ಲಿ ನನ್ನದೊಂದು ಕೋರಿಕೆ. ಹಬ್ಬಕ್ಕೆ ಮನೆ ತೊಳೆಯುವಾಗ ಸಿಗುವ ಹಾಡಿನ ಪುಸ್ತಕ, ಕ್ಯಾಸೆಟ್ಟಿನ ಒಳಹಾಳೆ, ಸೀಡಿ ಕವರು, ಟೆಂಟಿನ ಕರಪತ್ರ ಯಾವುದನ್ನೂ ಗುಜರಿಗೆ ಹಾಕಬೇಡಿ. ಎರಡೂ ಕಡೆ ಫೋಟೋ ತೆಗೆದು, ಅದು ನಿಮ್ಮ ಮನೆಗೆ ಎಲ್ಲಿಂದ ಬಂತು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಪೆನ್ನಿನಲ್ಲಿ ಬರೆಯಬೇಡಿ, ಶಾಯಿ ಹರಡುತ್ತದೆ. ಸೀಸದಕಡ್ಡಿಯಲ್ಲಿ, ಹಿಂಬದಿಯ ಮೂಲೆಯಲ್ಲಿ, ವರ್ಷ ಮತ್ತು ಊರು ಬರೆದರೆ ಸಾಕು.