13: ಪರ್ಮಿಷನ್ ಡಿನೈಡ್

ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಹೋದರೆ ಮಾಮೂಲ್‌ಪೇಟೆಯಲ್ಲಿ ಕಾಲಿಡಲು ಜಾಗ ಸಿಗುತ್ತದೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಮೇಲೆ ಬರುವ ಹೊತ್ತಿಗೆ ಷಟರುಗಳಿನ್ನೂ ಎದ್ದಿರುವುದಿಲ್ಲ, ತಳ್ಳುಗಾಡಿಗಳು ಗೋಡೆಗೊರಗಿ ನಿಂತಿರುತ್ತವೆ. ನಾನು ಹತ್ತುವುದು ಒಂದು ಸಗಟು ಅಂಗಡಿಯ ಅಟ್ಟಕ್ಕೆ. ಕೆಳಗೆ ಪೆನ್ನು, ನೋಟ್‌ಬುಕ್ಕುಗಳ ರಾಶಿ. ಮೇಲೆ ಒಂದು ಮೇಜು, ಒಂದು ಫ್ಯಾನು, ನನ್ನ ಲ್ಯಾಪ್‌ಟಾಪು. ತುಮಕೂರು, ಕನಕಪುರ, ಚಿಂತಾಮಣಿ ಕಡೆಯ ಅಂಗಡಿಯವರು ಆರ್ಡರು ಹಾಕುವ ವೆಬ್‌ಸೈಟನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೋಡ್ ತಿದ್ದಿ ಪುಶ್ ಮಾಡಿದರೆ ಉಳಿದದ್ದನ್ನು ಪೈಪ್‌ಲೈನು ತಾನಾಗಿ ನಡೆಸಬೇಕು: ಪರೀಕ್ಷೆಗಳು ಮುಗಿದು ಹೊಸ ಆವೃತ್ತಿ ಸರ್ವರಿಗೆ ಹೋಗಿ ಕೂರಬೇಕು. ಹೆಚ್ಚಿನ ದಿನ ಕೂರುತ್ತದೆ. ಕೂರದ ದಿನ ನನಗೆ ಹಬ್ಬ.

ಅದರಲ್ಲೂ ಲಾಗಿನ ಕೊನೆಯಲ್ಲಿ '13: ಪರ್ಮಿಷನ್ ಡಿನೈಡ್' ಎಂದು ಕಂಡರೆ ಕಾಫಿಗೆ ಹೇಳಿ ಕಳಿಸಿ ನೆಟ್ಟಗೆ ಕೂರುತ್ತೇನೆ. ಬೇರೆ ದೋಷಗಳಲ್ಲಿ ಯಂತ್ರಕ್ಕೆ ಏನೋ ತಿಳಿಯಲಿಲ್ಲ ಎಂಬ ಅರ್ಥವಿರುತ್ತದೆ. ಇಲ್ಲಿ ಹಾಗಿಲ್ಲ. ಅದಕ್ಕೆ ಎಲ್ಲವೂ ತಿಳಿದಿದೆ. ಬಂದವರು ಯಾರೆಂದು ನೋಡಿದೆ, ಯಾವ ಬಾಗಿಲಿಗೆ ಬಂದರೆಂದು ನೋಡಿದೆ, ಯೋಚಿಸಿಯೇ ಬೇಡ ಎಂದಿದೆ. ಲಿನಕ್ಸಿನಲ್ಲಿ ಇಂಥದೇ ಇನ್ನೊಂದು ನಿರಾಕರಣೆಯಿದೆ, ಅದರ ನಂಬರು 1. 13 ಬಂದರೆ ದಾರಿಯ ಬಾಗಿಲುಗಳನ್ನು ನೋಡಬೇಕು. ಇನ್ನೊಬ್ಬರ ಫೈಲಿನ ಅನುಮತಿಯನ್ನೇ ಬದಲಿಸಹೊರಟರೆ 1 ಬರುತ್ತದೆ. ಸ್ಕ್ರಿಪ್ಟು ಸಿಕ್ಕಿತು, ಆದರೆ ಓಡಿಸುವ ಅನುಮತಿಯಿಲ್ಲ ಎನ್ನಬೇಕಾದರೆ ಷೆಲ್ಲು 126 ಎನ್ನುತ್ತದೆ; ಸ್ಕ್ರಿಪ್ಟೇ ಸಿಗದಿದ್ದರೆ 127. ಈ ಅಂಕಿಗಳು ಬಾಯಿಗೆ ಬಂದ ಮೇಲೆ ಲಾಗು ಓದುವ ರುಚಿಯೇ ಬೇರೆ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಬೀದಿಗೆ ಒಂದೇ ಮುಂಬಾಗಿಲು, ಒಳಗೆ ಉದ್ದನೆಯ ಓಣಿ, ಎರಡೂ ಕಡೆ ಮನೆಗಳು, ಕೊನೆಯಲ್ಲಿ ನಲ್ಲಿ. ರಾತ್ರಿ ಹತ್ತಕ್ಕೆ ಮುಂಬಾಗಿಲ ಅಗಳಿ ಬಿತ್ತೆಂದರೆ, ಕೊನೆಯ ಮನೆಯವರು ತಮ್ಮ ಬಾಗಿಲನ್ನು ಹಾರುಹೊಡೆದಿಟ್ಟರೂ ತಡವಾಗಿ ಬಂದ ನೆಂಟನಿಗೆ ಪ್ರಯೋಜನವಿಲ್ಲ. ಯುನಿಕ್ಸ್ ಫೋಲ್ಡರುಗಳ ನಡವಳಿಕೆ ನನಗೆ ಚಿಕ್ಕಂದಿನಿಂದ ಗೊತ್ತಿತ್ತು ಅನ್ನಿಸುವುದು ಇದಕ್ಕೇ. ಫೋಲ್ಡರಿನ ಮೇಲೆ 'ಆರ್' ಇದ್ದರೆ ಒಳಗೆ ಯಾರ್‍ಯಾರಿದ್ದಾರೆಂಬ ಪಟ್ಟಿ ಓದಬಹುದು. ಹಾದು ಹೋಗಲು 'ಎಕ್ಸ್' ಬೇಕು. 'ಎಕ್ಸ್' ಮಾತ್ರ ಇದ್ದರೆ ಪಟ್ಟಿ ಕಾಣುವುದಿಲ್ಲ, ಆದರೆ ಹೆಸರು ಗೊತ್ತಿದ್ದವನು ನೇರ ಒಳಗೆ ಹೋಗಿ ಆ ಮನೆಯ ಕದ ತಟ್ಟಬಹುದು. ಬರೆಯಲು ಬೇಕಾದ 'ಡಬ್ಲ್ಯು'ವೂ ಸೇರಿ ಒಡೆಯನಿಗೆ ಮೂರು ಅಕ್ಷರ, ಅವನ ಗುಂಪಿಗೆ ಮೂರು, ಉಳಿದವರಿಗೆ ಮೂರು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿ ಬೆಳೆಸಿದ ಈ ಒಂಬತ್ತು ಅಕ್ಷರಗಳ ಲೆಕ್ಕದ ಮೇಲೆಯೇ ಇವತ್ತಿಗೂ ನಮ್ಮ ಆರ್ಡರುಗಳು ಬರುತ್ತಿವೆ.

ಹಳೆಯ ಸರ್ವರಿನಿಂದ ಉಬುಂಟು 22.04ಕ್ಕೆ ಸೈಟನ್ನು ಸಾಗಿಸಿದ ದಿನದ್ದು ನನಗೆ ಇಂದಿಗೂ ಪ್ರಿಯವಾದ ಪ್ರಸಂಗ. ಅನುಮತಿಗಳನ್ನು ಅಂಕಿಯಲ್ಲಿ ಹೇಳುವುದಾದರೆ ಸೈಟಿನ ಎಲ್ಲ ಫೈಲುಗಳೂ 644, ಫೋಲ್ಡರುಗಳೂ 755, ಅಂದರೆ ಯಾರು ಬೇಕಾದರೂ ಓದಬಹುದು, ಹಾದುಹೋಗಬಹುದು, ಹಳೆಯದರಲ್ಲಿ ಇದ್ದ ಹಾಗೆಯೇ. ಪೈಪ್‌ಲೈನು ಕೊನೆತನಕ ಹಸಿರು. ಬ್ರೌಸರಿನಲ್ಲಿ ಮಾತ್ರ 403, ಪ್ರವೇಶವಿಲ್ಲ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಲಾಗಿನಲ್ಲಿ ನಮ್ಮ 13. ಇಂಥಲ್ಲಿ ಮೊದಲು ಕೇಳಬೇಕಾದದ್ದು 'ಯಾರು?' ಅಂತ. ಫೈಲು ತಂದಿಟ್ಟವನು ಡಿಪ್ಲಾಯ್ ಎಂಬ ಯೂಸರು. ಓದಲು ಬಂದವನು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬೇರೊಬ್ಬ, ವೆಬ್ ಸರ್ವರು ಓಡುವುದು ಅವನ ಹೆಸರಿನಲ್ಲಿ. ನಾನು ಡಿಪ್ಲಾಯ್ ಆಗಿ ಒಳಹೊಕ್ಕು 'ಎಲ್ಲ ಸರಿಯಿದೆಯಲ್ಲ' ಎಂದು ಎಷ್ಟು ಹೊತ್ತು ನೋಡಿದರೂ ಸರಿಯಾಗಿಯೇ ಕಾಣುತ್ತದೆ. ಸುಡೊ ಬಳಸಿ ಆ ಬೇರೊಬ್ಬನ ಹೆಸರಿನಲ್ಲೇ ಫೈಲು ತೆರೆದು ನೋಡಿದೆ. ತೆರೆಯಲಿಲ್ಲ. ಆಮೇಲೆ ನೇಮ್‌ಐ ಎಂಬ ಪುಟ್ಟ ಆಜ್ಞೆ. ದಾರಿಯನ್ನು ಕೊಟ್ಟು ವಿವರವಾಗಿ ಕೇಳಿದರೆ ಬೇರಿನಿಂದ ಕೊನೆಯ ಫೈಲಿನ ತನಕ ಒಂದೊಂದು ಬಾಗಿಲನ್ನೂ ಒಂದೊಂದು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಒಡೆಯನ ಹೆಸರು, ಗುಂಪು, ಅನುಮತಿ ತೋರಿಸುತ್ತದೆ. ಮೇಲಿನಿಂದ ಬೆರಳಿಟ್ಟುಕೊಂಡು ಬಂದೆ. ಮೂರನೆಯ ಸಾಲಿಗೆ ಬೆರಳು ನಿಂತಿತು. ಡಿಪ್ಲಾಯ್‌ನ ಹೋಮ್ ಫೋಲ್ಡರು 750, ಅಂದರೆ ಉಳಿದವರಿಗೆ ಏನೂ ಇಲ್ಲ. ಮುಂಬಾಗಿಲ ಅಗಳಿ!

ಉಬುಂಟು 21.04ರಿಂದ, ಅಂದರೆ 2021ರಿಂದ, ಹೊಸದಾಗಿ ಹುಟ್ಟುವ ಹೋಮ್ ಫೋಲ್ಡರುಗಳ ಮಾಮೂಲು ಅನುಮತಿ 755 ಇದ್ದದ್ದು 750 ಆಗಿದೆ. ಒಬ್ಬರ ಮನೆಯೊಳಗೆ ಇನ್ನೊಬ್ಬರು ಸುಮ್ಮನೆ ಹಾದುಹೋಗುವುದು ಏಕೆ? ಅದು ತುಂಬ ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಅಗಳಿ ತೆಗೆಯಲು ಹೋಗಲಿಲ್ಲ. ಸೈಟನ್ನೇ ಮನೆಯಿಂದ ಹೊರತಂದು ಎಸ್‌ಆರ್‌ವಿ ಫೋಲ್ಡರಿನಲ್ಲಿಟ್ಟೆ. ನಾಲ್ಕು ಜನ ಬಂದುಹೋಗುವ ವ್ಯಾಪಾರಕ್ಕೆ ಅಂಗಡಿಯೇ ಬೇಕು.

ಯಜಮಾನರ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಯಲ್ಲಿ ಅಟ್ಟ ಹತ್ತಿ ಬಂದು ಪಕ್ಕದಲ್ಲಿ ಕೂರುತ್ತಾಳೆ. "ತ್ರಿಬಲ್ ಸೆವೆನ್ ಕೊಟ್ಬಿಡಿ ಅಂಕಲ್, ಆಗ್ಬಿಡತ್ತೆ" ಅಂದಳು ಆ ದಿನ.

"ಆಗತ್ತೆ ಕಣಮ್ಮ. ಯಾಕೆ ಆಯ್ತು ಅಂತ ಮಾತ್ರ ಗೊತ್ತಾಗಲ್ಲ" ಅಂದೆ.

ಚ್‌ಮಾಡ್ ಎಂಬ ಆಜ್ಞೆಯ ಹೆಸರಿನಲ್ಲೇ ನಮ್ಮ 'ಮಾಡು' ಇರುವುದರಿಂದಲೋ ಏನೋ, ಕೈ ಮೊದಲು ಅದರ ಕಡೆಗೇ ಹೋಗುತ್ತದೆ. 777 ಅಂದರೆ ಎಲ್ಲರಿಗೂ ಎಲ್ಲ ಬಾಗಿಲೂ ತೆರವು. ಅವಳಿಗೆ ತೋರಿಸಲೆಂದು ಒಂದು ಪರೀಕ್ಷಾ ಸರ್ವರಿನಲ್ಲಿ ಡಿಪ್ಲಾಯ್‌ನ ಹೋಮ್ ಫೋಲ್ಡರಿಗೆ 777 ಕೊಟ್ಟು ಪೈಪ್‌ಲೈನು ಓಡಿಸಿದೆ. ಅದು ಒಳಗೇ ಹೋಗಲಿಲ್ಲ. ಸರ್ವರಿನೊಳಗೆ ಬಿಡುವ ಎಸ್‌ಎಸ್‌ಎಚ್ ಅದರ ಕೀಲಿಯನ್ನೇ ಒಪ್ಪಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಮನೆಯಲ್ಲಿಟ್ಟ ಕೀಲಿಪಟ್ಟಿಯನ್ನು ಯಾರು ಬೇಕಾದರೂ ಬದಲಿಸಿರಬಹುದು. ಆದ್ದರಿಂದ ಅಂಥ ಪಟ್ಟಿಯನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ. ಪೂರ್ತಿ ತೆರೆದಿಟ್ಟದ್ದಕ್ಕೇ ಬಾಗಿಲು ಮುಚ್ಚಿತು. ಅವಳು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ತಾನೇ ಹೋಮಿಗೆ 750, ಕೀಲಿಯ ಫೋಲ್ಡರಿಗೆ 700, ಪಟ್ಟಿಗೆ 600 ಕೊಟ್ಟು ಮತ್ತೆ ಓಡಿಸಿದಳು.

ಅಳಿಸುವ ವಿಷಯ ಇನ್ನೂ ಚೆಂದ. ನಮ್ಮ ಪೈಪ್‌ಲೈನು ಕೊನೆಯ ಐದು ಆವೃತ್ತಿಗಳನ್ನು ಉಳಿಸಿಕೊಂಡು ಅದಕ್ಕಿಂತ ಹಳೆಯದನ್ನು ಅಳಿಸುತ್ತದೆ. ಹೀಗಾಗಿ ಐದು ಸಲ ಸುಸೂತ್ರ ನಡೆದು ಆರನೆಯ ಸಲ ನಿಂತಿತು. ಹಳೆಯ ಆವೃತ್ತಿಯೊಳಗೆ ವೆಬ್ ಸರ್ವರು ತನ್ನ ಹೆಸರಿನಲ್ಲಿ ಕ್ಯಾಷ್ ಫೋಲ್ಡರು ಮಾಡಿಕೊಂಡಿತ್ತು, ಅದರೊಳಗಿನದನ್ನು ಅಳಿಸಲು ಡಿಪ್ಲಾಯ್‌ಗೆ ಆಗಲಿಲ್ಲ. ಫೈಲನ್ನು ಅಳಿಸಲು ಫೈಲಿನ ಮೇಲೆ ಅಧಿಕಾರ ಬೇಕೆಂದು ಯಾರಿಗಾದರೂ ತೋಚುತ್ತದೆ. ಯುನಿಕ್ಸಿನಲ್ಲಿ ಬೇಕಾದದ್ದು ಅದನ್ನು ಇಟ್ಟುಕೊಂಡ ಫೋಲ್ಡರಿನ ಮೇಲೆ. ಫೋಲ್ಡರೆಂದರೆ ಹೆಸರುಗಳ ಹಲಗೆ. ಅಳಿಸುವುದೆಂದರೆ ಹಲಗೆಯಿಂದ ಒಂದು ಹೆಸರನ್ನು ಒರೆಸುವುದು. ಬಳಪ ಯಾರ ಕೈಯಲ್ಲಿದೆಯೋ ಅವರದೇ ಅಧಿಕಾರ. ಇದು ಮೊದಲ ಸಲ ಹೊಳೆದ ದಿನ ಅವೆನ್ಯೂ ರಸ್ತೆಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ನಡೆದಿದ್ದೆ.

ಕ್ಯಾಷನ್ನು ಆವೃತ್ತಿಗಳ ಹೊರಗೆ ಒಂದು ಹಂಚಿಕೆಯ ಫೋಲ್ಡರಿಗೆ ಒಯ್ದು, ಡಿಪ್ಲಾಯ್, ವೆಬ್ ಸರ್ವರು ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿ, ಫೋಲ್ಡರಿಗೆ 2775 ಕೊಟ್ಟೆ. ಮುಂದಿನ ಆ 2ರಿಂದ ಒಳಗೆ ಹುಟ್ಟುವ ಪ್ರತಿಯೊಂದಕ್ಕೂ ಫೋಲ್ಡರಿನ ಗುಂಪೇ ಬರುತ್ತದೆ. ಇದರ ಅಣ್ಣನಂತಿರುವ, ಪ್ರೋಗ್ರಾಮನ್ನು ಅದರ ಒಡೆಯನ ಅಧಿಕಾರದಲ್ಲಿ ಓಡಿಸುವ ಸೆಟ್‌ಯುಐಡಿ ಉಪಾಯಕ್ಕೆ ಡೆನಿಸ್ ರಿಚಿ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು, 1979ರಲ್ಲಿ ಸಿಕ್ಕಿತು, ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಡಲಾಯಿತು. ನಾನು ಇಷ್ಟೆಲ್ಲ ಮಾಡಿದರೂ ಮತ್ತೆ 13. ಗುಂಪಿಗೆ ಹೆಸರು ಸೇರಿದ್ದು ಆಗಲೇ ಓಡುತ್ತಿರುವ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಶುರುವಾದಾಗ ಯಾವ ಗುಂಪುಗಳಿದ್ದವೋ ಅವೇ ಅದರ ಜೊತೆಗಿರುತ್ತವೆ. ಸೇವೆಯನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ ಮೇಲೆ ಬಾಗಿಲು ತೆರೆಯಿತು. ಸೇವೆಯನ್ನು ಮರುಚಾಲು ಮಾಡುವ ಆ ಒಂದೇ ಆಜ್ಞೆಗೆ ಸುಡೊ ಪಟ್ಟಿಯಲ್ಲಿ ಡಿಪ್ಲಾಯ್‌ಗೆ ಅನುಮತಿ ಬರೆದೆ. ಕೆಳಗೆ ಯಜಮಾನರೂ ಹುಡುಗನ ಕೈಗೆ ಗೋಡೌನಿನ ಕೀಲಿಯೊಂದನ್ನೇ ಬಿಡಿಸಿ ಕೊಡುತ್ತಾರೆ, ಗೊಂಚಲು ಅವರ ಸೊಂಟದಲ್ಲೇ ಇರುತ್ತದೆ.

ಇವತ್ತು ಬೆಳಿಗ್ಗೆ ಮತ್ತೊಂದು ಬಂದಿದೆ. ಸರಕಿನ ಚಿತ್ರಗಳನ್ನಿಡುವ ಫೋಲ್ಡರಿಗೆ ಹೊಸ ಚಿತ್ರ ಸೇರುತ್ತಿಲ್ಲ. ನೇಮ್‌ಐ ಓಡಿಸಿದೆ. ದಾರಿಯ ಬಾಗಿಲುಗಳೆಲ್ಲ ಸರಿಯಾಗಿವೆ, ಕೊನೆಯ ಫೋಲ್ಡರಿನ ಒಡೆಯ ಮಾತ್ರ ಎಲ್ಲ ಅಧಿಕಾರವುಳ್ಳ ರೂಟ್. ಹುಟ್ಟಿದ್ದು ನಿನ್ನೆ ರಾತ್ರಿ 11.40ಕ್ಕೆ. ಆ ಹೊತ್ತಿನಲ್ಲಿ ಯಾವ ಡಿಪ್ಲಾಯೂ ಆಗಿಲ್ಲ. ಒಡೆಯನ ಹೆಸರು ಬದಲಿಸಿದರೆ ಅರೆ ನಿಮಿಷದ ಕೆಲಸ. ಅದಕ್ಕೆ ಮುಂಚೆ, ರಾತ್ರಿ ರೂಟ್ ಆಗಿ ಬಂದದ್ದು ಯಾರೆಂದು ತಿಳಿಯಬೇಕು. ಬ್ಯಾಕಪ್ ಸ್ಕ್ರಿಪ್ಟಿನ ಮೇಲೆ ಅನುಮಾನವಿದೆ, ಅದು ಹನ್ನೊಂದೂವರೆಗೆ ಏಳುತ್ತದೆ. ಕೆಳಗೆ ಷಟರು ಎತ್ತುವ ಸದ್ದಾಯಿತು. ಇನ್ನೊಂದು ಕಾಫಿಗೆ ಹೇಳಿ ರಾತ್ರಿಯ ಲಾಗನ್ನು ಮೊದಲ ಸಾಲಿನಿಂದ ತೆರೆದಿದ್ದೇನೆ.