ಐವತ್ತೈದರಲ್ಲಿ ಅಕ್ಷರಾಭ್ಯಾಸ

ಅಕ್ಷರ ಕಲಿಯುವುದಕ್ಕೆ ವಯಸ್ಸಿನ ಹಂಗಿಲ್ಲವೆಂದು ಧೈರ್ಯ ಹೇಳುವವರು ಸಾಮಾನ್ಯವಾಗಿ ಐದನೆಯ ವರ್ಷದಲ್ಲಿಯೇ ಕಲಿತು ಮುಗಿಸಿದವರು. ಬೊಂಬಾಯಿಯಿಂದ ಇಸ್ರೇಲಿಗೆ ಹೋದ ಆ ವೃದ್ಧೆಗೆ ಆ ಮಾತಿನ ಪೊಳ್ಳು ತನ್ನ ಐವತ್ತೈದನೆಯ ವರ್ಷದಲ್ಲಿ ತಿಳಿಯಿತು.

ಆಕೆ ಬೆನೆ ಇಸ್ರೇಲ್ ಪಂಗಡದವಳು. ಕೊಂಕಣದ ಹಳ್ಳಿಗಳಲ್ಲಿ ಗಾಣದ ಕಸುಬನ್ನು ಹಿಡಿದು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ನೆರೆಯವರಿಂದ ಕರೆಸಿಕೊಂಡ ಯೆಹೂದ್ಯರ ಪಂಗಡವದು. ಮನೆಮಾತು ಮರಾಠಿ. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಬಳಿಕ ಅವರಲ್ಲಿ ಸಾವಿರಾರು ಮಂದಿ ಅಲ್ಲಿಗೆ ತೆರಳಿದರು. 1960ರ ದಶಕದಲ್ಲಿ ಮಗ, ಸೊಸೆ, ಮೊಮ್ಮಗನೊಡನೆ ಈಕೆಯೂ ಹೋಗಿ, ನೆಗೆವ್ ಮರುಭೂಮಿಯ ಅಂಚಿನ ಬೇರ್‌ಷೆಬಾ ಪಟ್ಟಣದಲ್ಲಿ ನೆಲೆಸಿದಳು.

ಬೊಂಬಾಯಿಯಲ್ಲಿ ಆಕೆ ಮರಾಠಿ ಪತ್ರಿಕೆಗಳನ್ನು ಸರಾಗವಾಗಿ ಓದುತ್ತಿದ್ದವಳು. ನೆರೆಮನೆಯ ಹೆಂಗಸರಿಗೆ ಕಾಗದ ಬರೆದುಕೊಡುತ್ತಿದ್ದವಳು. ಹೊಸ ಊರಿನಲ್ಲಿ ಬಸ್ಸಿನ ಹಲಗೆ, ಅಂಗಡಿಯ ಫಲಕ, ಔಷಧದ ಸೀಸೆ ಎಲ್ಲವೂ ಮೂಕವಾದವು. ಹೀಬ್ರೂ ಪ್ರಾರ್ಥನೆಯೇನೋ ಬಾಯಿಪಾಠವಾಗಿತ್ತು. ಆದರೆ ನಾಲಗೆ ಬಲ್ಲದ್ದನ್ನು ಕಣ್ಣು ಅರಿಯದು. ಮಗ ಸೊಸೆಯರು ಕೆಲಸಕ್ಕೆ ಹೋದ ಮೇಲೆ ಮನೆಗೆ ಬಂದ ಕಾಗದಗಳನ್ನು ಒಂಬತ್ತು ವರ್ಷದ ಮೊಮ್ಮಗನೇ ನೋಡಿ ಮರಾಠಿಯಲ್ಲಿ ಹೇಳಬೇಕು. ಶಾಲೆಯ ಉಪಾಧ್ಯಾಯಿನಿ ಕಳುಹಿಸುವ ಚೀಟಿಗಳಿಗೂ ಅವನೇ ದುಭಾಷಿ. “ನಾನು ಚೆನ್ನಾಗಿ ಓದುತ್ತೇನಂತೆ, ಆಜೀ” ಎನ್ನುವನು. ಆರೋಪಿಯೇ ತೀರ್ಪನ್ನು ಓದಿ ಹೇಳಿದರೆ ಯಾರಿಗೆ ತಾನೆ ಅನುಮಾನ ಹುಟ್ಟದು? ಆಜಿ ಸಂಜೆಯ ತರಗತಿಗೆ ಸೇರಿದಳು.

ವಲಸೆ ಬಂದವರಿಗೆ ಹೀಬ್ರೂ ಕಲಿಸುವ ಇಂಥ ಪಾಠಶಾಲೆಗೆ ‘ಉಲ್ಪಾನ್’ ಎಂದು ಹೆಸರು. ಮೊದಲನೆಯ ಉಲ್ಪಾನ್ 1949ರಲ್ಲಿ ಜೆರೂಸಲೇಮಿನಲ್ಲಿ ತೆರೆಯಿತು. ಮೊದಲ ದಿನ ಅಧ್ಯಾಪಕರು ರಬ್ಬಿ ಅಕಿವನ ಕಥೆ ಹೇಳಿದರು. ಯೆಹೂದ್ಯರ ಪರಂಪರೆಯಲ್ಲಿ ಮಹಾವಿದ್ವಾಂಸನೆನಿಸಿದ ಆತ ನಲವತ್ತು ವರ್ಷದವರೆಗೂ ನಿರಕ್ಷರಿಯಾಗಿದ್ದನಂತೆ. ಕೊನೆಗೆ ಮಗನೊಡನೆ ಮಕ್ಕಳ ಗುರುವಿನ ಮುಂದೆ ಕುಳಿತು, ಹಲಗೆಯ ಒಂದು ತುದಿಯನ್ನು ತಾನು, ಇನ್ನೊಂದನ್ನು ಮಗನು ಹಿಡಿದು ಕಲಿತರಂತೆ. ‘ಆತನಿಗೆ ನಲವತ್ತು, ನನಗೆ ಇನ್ನೂ ಹದಿನೈದು ಹೆಚ್ಚು’ ಎಂದು ಆಜಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದಳು.

ಅಕ್ಷರಗಳು 22 ಮಾತ್ರ. ಮರಾಠಿಯ ಬಾರಾಖಡಿ ಬಲ್ಲವಳಿಗೆ ಇದೇನು ಮಹಾ ಎನಿಸಿತು. ಆದರೆ ಬರಹ ಬಲದಿಂದ ಎಡಕ್ಕೆ ಹರಿಯುತ್ತದೆ. ಆಕೆ ಕೊನೆಯ ಪುಟವೆಂದು ತಿಳಿದದ್ದೇ ಮೊದಲನೆಯ ಪುಟ. ಮೂಲೆ ಚೂಪಾಗಿದ್ದರೆ ‘ದಾಲೆತ್’, ದುಂಡಗಿದ್ದರೆ ‘ರೇಷ್’. ಎಡಗಾಲು ಬಿಟ್ಟುಕೊಂಡಿದ್ದರೆ ‘ಹೇ’, ಅಂಟಿಕೊಂಡಿದ್ದರೆ ‘ಹೇತ್’. ಐದು ಅಕ್ಷರಗಳಂತೂ ಪದದ ಕೊನೆಗೆ ಬಂದೊಡನೆ ವೇಷವನ್ನೇ ಬದಲಿಸುತ್ತವೆ. ಎಲ್ಲದರ ನಡುವೆ ಆಕೆಗೆ ಪ್ರಿಯವಾದುದು ‘ಲಾಮೆದ್’. ಸಾಲಿನಿಂದ ಮೇಲಕ್ಕೆ ಕತ್ತು ಚಾಚುವ ಅಕ್ಷರ ಅದೊಂದೇ, ಕನ್ನಡಕವಿಲ್ಲದೆಯೂ ಕಾಣುತ್ತದೆ.

ನಿಜವಾದ ಕಷ್ಟ ಬೇರೆ ಇತ್ತು. ಅಕ್ಷರಗಳೆಲ್ಲ ವ್ಯಂಜನಗಳು, ಸ್ವರವನ್ನು ತೋರಿಸುವುದು ಹೆಚ್ಚಾಗಿ ಅವುಗಳ ಕೆಳಗೂ ಮೇಲೂ ಇಡುವ ಚುಕ್ಕೆ, ಗೀಟುಗಳು. ಬಾಲಪಾಠದಲ್ಲಿ ಅವು ಇರುತ್ತವೆ. ವೃತ್ತಪತ್ರಿಕೆಯಲ್ಲಿಯೂ ಕಾಗದಪತ್ರಗಳಲ್ಲಿಯೂ ಇರುವುದಿಲ್ಲ. ಕನ್ನಡದ ಪುಟವೊಂದರಿಂದ ಗುಡಿಸು, ಕೊಂಬು, ಏತ್ವಗಳನ್ನೆಲ್ಲ ಅಳಿಸಿ ಓದೆಂದು ಕೊಟ್ಟಂತೆ! ಅವೇ ಮೂರು ಅಕ್ಷರಗಳನ್ನು ‘ಸೆಫೆರ್’ ಎಂದರೆ ಪುಸ್ತಕ, ‘ಸಪ್ಪಾರ್’ ಎಂದರೆ ಕ್ಷೌರಿಕ, ‘ಸಾಫರ್’ ಎಂದರೆ ಎಣಿಸಿದನು. ಯಾವುದೆಂಬುದನ್ನು ಸಂದರ್ಭ ಹೇಳಬೇಕು. ಭಾಷೆ ಬಲ್ಲವನಿಗೆ ಮಾತ್ರ ಓದಲು ಬರುತ್ತದೆ. ಓದಲು ಬಂದವನಿಗೆ ಮಾತ್ರ ಭಾಷೆ ಬಲಿಯುತ್ತದೆ. ಇದರ ಮೇಲೆ ಕೈಬರಹದ ಅಕ್ಷರಗಳ ರೂಪವೇ ಅಚ್ಚಿನದಕ್ಕಿಂತ ಬೇರೆ.

ನಾಲ್ಕು ತಿಂಗಳು ಕಳೆದವು. ಒಂದು ಮಧ್ಯಾಹ್ನ ಮೊಮ್ಮಗ ಎಂದಿನಂತೆ ಚೀಟಿಯನ್ನು ಓದಿ ಹೇಳಿ ಆಟಕ್ಕೆ ಓಡಿದನು. ಆಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚುಕ್ಕೆಯಿಲ್ಲದ ಕೈಬರಹ. ಮೊದಲು ಕಂಡದ್ದು ಎತ್ತರದ ಲಾಮೆದ್, ಪಕ್ಕದಲ್ಲಿ ಆಲೆಫ್. ‘ಲೋ.’ ಅಂದರೆ ಇಲ್ಲ, ಅಲ್ಲ. ಮುಂದಿನದು ಕೋಫ್, ವಾವ್, ರೇಷ್, ಮತ್ತೆ ಆಲೆಫ್. ವಾವ್ ಒಮ್ಮೊಮ್ಮೆ ‘ಓ’ಕಾರವೂ ಆಗುವುದೆಂದು ನೆನೆದು ಕೂಡಿಸಿದಳು: ‘ಕೋರೇ.’ ಓದುತ್ತಾನೆ.

ಲೋ ಕೋರೇ. ಓದುವುದಿಲ್ಲ.

ತಾನಾಗಿ ಓದಿದ ಮೊದಲ ವಾಕ್ಯದ ಸಂತೋಷವೂ ಅದರ ಅರ್ಥದ ಸಂಕಟವೂ ಒಟ್ಟಿಗೇ ಬಂದವು. ಹುಡುಗ ಹಿಂದಿರುಗಿದಾಗ ಆಜಿ ಗದರಿಸಲು ಸಿದ್ಧಳಾಗಿಯೇ ಕುಳಿತಿದ್ದಳು. “ಇಲ್ಲಿ ಏನಿದೆಯೋ?” ಎಂದು ಆ ಎರಡು ಪದಗಳ ಮೇಲೆ ಬೆರಳಿಟ್ಟಳು. ಅವನು ಬಹಳ ಹೊತ್ತು ನೋಡಿದನು. ಆಮೇಲೆ ಅವನ ತುಟಿ ನಡುಗಿತು.

“ಚುಕ್ಕೆ ಇಲ್ಲದಿದ್ದರೆ ನನಗೆ ಬರುವುದಿಲ್ಲ, ಆಜೀ.”

ಅವನು ಚೀಟಿಯನ್ನು ತಿದ್ದಿ ಹೇಳುತ್ತಿರಲಿಲ್ಲ, ಓದಿಯೇ ಇರಲಿಲ್ಲ. ಮನೆಯವರೆಲ್ಲರೂ ತನ್ನನ್ನೇ ನೆಚ್ಚಿರುವಾಗ ತನಗೂ ಬಾರದೆಂದು ಹೇಳಲು ಆ ಮಗುವಿಗೆ ಬಾಯಿ ಬಂದಿರಲಿಲ್ಲ. ಕಳ್ಳನನ್ನು ಹಿಡಿಯಲು ಹೋದ ಆಜಿಗೆ ಸಹಪಾಠಿಯೊಬ್ಬ ಸಿಕ್ಕಿದನು.

ಆ ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಆಜಿಯ ಬಾಲಪಾಠ ತೆರೆಯಿತು. ಒಂದು ತುದಿಯನ್ನು ಆಕೆ, ಇನ್ನೊಂದನ್ನು ಅವನು ಹಿಡಿದರು. ಅವನಿಗೆ ಪದಗಳು ಹೆಚ್ಚು ಗೊತ್ತು, ಆಕೆಗೆ ಅಕ್ಷರಗಳು. ಹೀಗೆ ಚಳಿಗಾಲ ಕಳೆಯಿತು.

ಮುಂದಿನ ಚೀಟಿ ಬಂದಾಗ ಇಬ್ಬರ ಕಣ್ಣೂ ಮೊದಲು ಹುಡುಕಿದ್ದು ಲಾಮೆದನ್ನು. ಅದು ಇತ್ತು! ಆದರೆ ಅದರ ಹಿಂದೆ ಒಂದು ಪುಟ್ಟ ಯೋದ್. ಮುಂದೆ ಆಲೆಫ್ ಅಲ್ಲ, ಒಂದು ದಾಲೆತ್. ‘ಯೆಲೆದ್’, ಅಂದರೆ ಹುಡುಗ. ಅದರ ಮುಂದಿನ ಪದ ಇಬ್ಬರಿಗೂ ಮೊದಲೇ ಪರಿಚಿತವಾಗಿತ್ತು.